ಕಪ್ಪೆ ಮದುವೆಯಲ್ಲಿ ಚಿಕ್ಕಮ್ಮ

...ಇಲ್ಲ, ಆ ಕಪ್ಪೆ ಮದುವೆ ನಡೆದದ್ದು ಕ್ಯಾಲನೂರಿನಲ್ಲೋ ಹೋಳೂರಿನಲ್ಲೋ, ಈಗ ಖಚಿತವಿಲ್ಲ. ನಾನು ದೇವಸ್ಥಾನದ ಕಂಬದ ಹಿಂದೆ ಅವಿತುಕೊಂಡಿದ್ದೆನೆಂದು ನೆನಪು; ಆ ದೇವಸ್ಥಾನಕ್ಕೆ ಕಂಬವೇ ಇಲ್ಲ ಎನ್ನುತ್ತಾಳೆ ನನ್ನ ಹೆಂಡತಿ! ಇರಲಿ, ನಾಚಿಕೆಯಂತೂ ನಿಜ. ನನ್ನ ಚಿಕ್ಕಮ್ಮನ ಜೊತೆ ಹೊರಗೆ ಹೋಗಿ ತಲೆಯೆತ್ತಿ ಮನೆಗೆ ಮರಳಿದವರು ಯಾರಿದ್ದಾರೆ?

ಚಿಕ್ಕಮ್ಮನ ವೃತ್ತಿಯೇ ಕಪ್ಪೆ. ಸಾಸಿವೆಯಷ್ಟು ಭ್ರೂಣದೊಳಗೆ ಯಾವ ಜೀನು ಯಾವ ಕೋಶವನ್ನು ಕರೆದು, "ನೀನು ಹಾರ್ಮೋನು ತಯಾರಿಸು" ಎಂದು ಅಪ್ಪಣೆ ಕೊಡುತ್ತದೆ ಎನ್ನುವುದು ಅವಳ ಸಂಶೋಧನೆ. ಅಪ್ಪಣೆ ತಪ್ಪಿದರೆ ಥೈರಾಯ್ಡ್ ಇಲ್ಲ. ಅದಿಲ್ಲದಿದ್ದರೆ ಗೊದಮೊಟ್ಟೆ ಕಪ್ಪೆಯಾಗುವುದೇ ಇಲ್ಲ. ಇದನ್ನವಳು ಹೋಳಿಗೆ ಬಡಿಸುವವರನ್ನೂ ನಿಲ್ಲಿಸಿ ವಿವರಿಸುತ್ತಾಳೆ. ಒಮ್ಮೆ ಮುಳಬಾಗಿಲಿನ ನಮ್ಮ ಮನೆಯ ಪಂಚಪಾತ್ರೆಯಲ್ಲಿ ಗೊದಮೊಟ್ಟೆ ಬಿಟ್ಟಿದ್ದಳು. ಅಪ್ಪ ಆಚಮನಕ್ಕೆ ಕೂತರೆ, ಅಂಗೈಯಲ್ಲಿ ತೀರ್ಥ ಈಜುತ್ತಿದೆ!

ಮದುವೆಗೆ ಬರುತ್ತೇನೆ. ಮಳೆಗಾಗಿ ಊರವರು ಕಪ್ಪೆಗಳಿಗೆ ಲಗ್ನ ಮಾಡಿಸುತ್ತಿದ್ದರು. ಚಿಕ್ಕಮ್ಮ ಜನರನ್ನು ಸರಿಸಿಕೊಂಡು ಹೋಗಿ, ಬಾಸಿಂಗ ಕಟ್ಟಿದ್ದ ವರನನ್ನೇ ಎತ್ತಿ ಗಂಟಲು ನೋಡಿದಳು.

"ರೀ, ಇದಕ್ಕೆ ಕೂಗೋ ಚೀಲಾನೇ ಇಲ್ಲ. ಇದೂ ಹೆಣ್ಣೇ!"

"ಪೆಳ್ಳಿ ಅಯಿಪೋಯಿಂದಮ್ಮಾ!" ಎಂದರು ಹೆಣ್ಣಿನ ಕಡೆಯ ಹಿರಿಯರೊಬ್ಬರು. "ಮದುವೆ ಮುಗಿದ ಮೇಲೆ ಗಂಡನ್ನ ವಾಪಸ್ ಕಳಿಸೋಕಾಗುತ್ತಾ?"

ಮಳೆ ಬಾರದಿದ್ದರೆ ಯಾರನ್ನು ಬೈಯುತ್ತಾರೆಂದು ನನಗೆ ಗೊತ್ತಿತ್ತು. ಕಂಬದ ಹಿಂದೆ ಹೋದದ್ದು ಆಗಲೇ.

ಆಮೇಲೆ ನನ್ನ ಮಗಳ ನಾಮಕರಣ. "ಎಷ್ಟು ಸಾಧು ಮಗು, ಅಳೋದೇ ಇಲ್ಲ!" ಎಂದು ಎಲ್ಲರೂ ಹೊಗಳುತ್ತಿದ್ದಾಗ ಚಿಕ್ಕಮ್ಮ ತೊಟ್ಟಿಲಿಗೆ ಬಗ್ಗಿ ಕೂಸಿನ ನಾಲಿಗೆ, ಹೊಟ್ಟೆ ಎಲ್ಲ ನೋಡಿದಳು. ಆರತಿ ಹಿಡಿದವರ ಮುಂದೆಯೇ ಹೇಳಿದಳು: "ಲೇ, ಇದು ಸಾಧುತನ ಅಲ್ಲ ಕಣೋ. ಇವತ್ತೇ ರಕ್ತಪರೀಕ್ಷೆ ಮಾಡಿಸು."

"ಚಿಕ್ಕಮ್ಮ, ಇವಳು ಕಪ್ಪೆ ಅಲ್ಲ. ಬೀಗರ ಮುಂದೆ ಮರ್ಯಾದೆ ತೆಗೀಬೇಡ."

"ಕಪ್ಪೆ ಆಗಿದ್ರೆ ಕಾದು ನೋಡ್ತಿದ್ದೆ. ನಡಿ, ಕಾರ್ ತೆಗಿ!"

ಹೆಸರಿಡುವ ಮೊದಲೇ ಕೋಲಾರಕ್ಕೆ ಹೋದೆವು. ರಕ್ತ, ಆಮೇಲೆ ಸ್ಕ್ಯಾನು: ಮಗುವಿಗೆ ಥೈರಾಯ್ಡ್ ಗ್ರಂಥಿಯೇ ರೂಪುಗೊಂಡಿರಲಿಲ್ಲ. ತಡಮಾಡಿದ್ದರೆ ಬುದ್ಧಿ ಬೆಳೆಯುತ್ತಿರಲಿಲ್ಲವೆಂದರು ಡಾಕ್ಟರು. ಬೀಗರ ಮುಂದೆ ಪಟ್ಟ ನಾಚಿಕೆ ಎಲ್ಲಿ, ಆಗ ಪಟ್ಟದ್ದೆಲ್ಲಿ!

ಈಗ ದಿನಾ ಬೆಳಿಗ್ಗೆ ಒಂದು ಮಾತ್ರೆ. ಮಗಳ ಬಾಯಿ ಮುಚ್ಚಿಸುವವರು ಮನೆಯಲ್ಲಿಲ್ಲ. ಮೊನ್ನೆ ಚಿಕ್ಕಮ್ಮನ ತೊಡೆಯೇರಿ, ಗಂಟಲು ಮುಟ್ಟಿ, "ಅಜ್ಜಿ, ನಿಂಗೆ ಕೂಗೋ ಚೀಲ ಎಲ್ಲಿ?" ಎಂದು ತನಿಖೆ ನಡೆಸುತ್ತಿದ್ದಳು.

"ಇವಳಲ್ಲಿ ಯಾವ ಅಪ್ಪಣೆ ತಪ್ಪಿತು, ಚಿಕ್ಕಮ್ಮ?" ಎಂದು ಕೇಳಿದೆ, ನೆಲ ನೋಡುತ್ತ.

ಊರಿಗೆಲ್ಲ ಕೇಳುವಂತೆ ಮಾತಾಡುವವಳು ಮಗುವಿನ ತಲೆ ಸವರುತ್ತ ಮೆತ್ತಗೆ ಹೇಳಿದಳು: "ಗೊತ್ತಿಲ್ಲ ಕಣೋ. ಹುಡುಕ್ತಾ ಇದೀನಿ."

ನನಗೂ ಗೊತ್ತಿಲ್ಲ. ಆ ದೇವಸ್ಥಾನಕ್ಕೆ ಕಂಬ ಇತ್ತೋ ಇಲ್ಲವೋ, ಅದೂ.