ಲೆಕ್ಕದ ಪಾಠ ಮೂರನೇ ಪೀರಿಯಡ್‌ಗೆ ಸರಿದ ಬಗ್ಗೆ

ಅಂಕ ಏರಿಕೆ ಶಾಖೆ, ಪಶ್ಚಿಮ ವಲಯ
ರಾಜಾಜಿನಗರ, ಬೆಂಗಳೂರು

ಸಂಖ್ಯೆ: ಅಂ.ಏ.ಶಾ/ಪ.ವ/ಸುತ್ತೋಲೆ-5/1974-75
ದಿನಾಂಕ: 31-5-1974

ವಿಷಯ: ಏಳನೇ ತರಗತಿಯ ಲೆಕ್ಕದ ಅಂಕಗಳು ಒಂದು ಶಾಲೆಯಲ್ಲಿ ಮಾತ್ರ ಏರಿರುವುದು, ಅದರಲ್ಲಿ ಈ ಶಾಖೆಯ ಕೈವಾಡ ಏನೂ ಇಲ್ಲದಿರುವುದು.

ಉಲ್ಲೇಖ: (1) ಈ ಶಾಖೆಯ ಹಿಂದಿನ ನಾಲ್ಕು ಸುತ್ತೋಲೆಗಳು. (2) ಉಪಾಧ್ಯಾಯಿನಿ ಶ್ರೀಮತಿ ಜಯದೇವಿಯವರ ಮೂರು ಪತ್ರಗಳು ಮತ್ತು ಒಂದು ಸಮಜಾಯಿಷಿ. (3) ನಲ್ಲಿಯ ಬಳಿ ದಾಖಲಿಸಿಕೊಂಡ ಹೇಳಿಕೆಗಳು (ಕಾಗದ ನೆನೆದಿದೆ).

ಪಶ್ಚಿಮ ವಲಯದ ಎಲ್ಲ ಹಿರಿಯ ಪ್ರಾಥಮಿಕ ಶಾಲೆಗಳ ಮುಖ್ಯೋಪಾಧ್ಯಾಯರು ಹಾಗೂ ಉಪಾಧ್ಯಾಯರ ಗಮನಕ್ಕೆ ಈ ಕೆಳಗಿನ ಸಂಗತಿಗಳನ್ನು ತರಲಾಗಿದೆ. ಹಿಂದಿನ ನಾಲ್ಕು ಸುತ್ತೋಲೆಗಳನ್ನು ಓದದೆ ಕಡತಕ್ಕೆ ಸೇರಿಸಿದವರು ಇದೊಂದನ್ನು ಓದತಕ್ಕದ್ದು. ಅವುಗಳನ್ನು ಓದಿ ಪಾಲಿಸಿದವರಲ್ಲಿ ಕ್ಷಮೆ ಕೋರಲಾಗಿದೆ.

1. ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆಯಲ್ಲಿ ನಮ್ಮ ವಲಯದ ಮಕ್ಕಳು ಲೆಕ್ಕದಲ್ಲಿ ನೂರಕ್ಕೆ ಸರಾಸರಿ ಮೂವತ್ತೊಂದು ಅಂಕ ಪಡೆಯುತ್ತಿದ್ದರು. ಇದನ್ನು ಏರಿಸಲೆಂದು ಈ ಶಾಖೆಯನ್ನು ತೆರೆದು, ಕೆಳಗೆ ಸಹಿ ಮಾಡಿರುವ ಶಾಲಾ ಇನ್ಸ್‌ಪೆಕ್ಟರನ್ನು ಮುಖ್ಯಸ್ಥನನ್ನಾಗಿ ನೇಮಿಸಲಾಯಿತು. ಸದರಿಯವನಿಗೆ ಒಬ್ಬ ಗುಮಾಸ್ತರು (ಶ್ರೀ ಗಂಗಾಧರಯ್ಯ), ಒಂದು ಟೈಪ್‌ರೈಟರ್ ಮತ್ತು ಕುಡಿಯುವ ನೀರಿಗೆ ಒಂದು ಹಿತ್ತಾಳೆ ಬಿಂದಿಗೆಯನ್ನು ಒದಗಿಸಲಾಯಿತು.

2. ಮೊದಲ ಸುತ್ತೋಲೆಯಲ್ಲಿ, ಪೂರ್ವಕ್ಕೆ ಮುಖ ಮಾಡಿ ಕಲಿತದ್ದು ಮರೆಯುವುದಿಲ್ಲವೆಂದು ತಿಳಿಸಿ ಎಲ್ಲ ಬೆಂಚುಗಳನ್ನೂ ಪೂರ್ವಕ್ಕೆ ತಿರುಗಿಸಲು ಆದೇಶಿಸಲಾಗಿತ್ತು. ಬೆಂಚುಗಳು ತಿರುಗಿದವು. ಕಪ್ಪುಹಲಗೆಗಳು ಪಶ್ಚಿಮದ ಗೋಡೆಯಲ್ಲೇ ಉಳಿದವು. ಎರಡು ತಿಂಗಳ ಕಾಲ ಹನ್ನೊಂದು ಶಾಲೆಗಳ ಮಕ್ಕಳು ಹಿಂದಿನ ಗೋಡೆಯನ್ನು ನೋಡುತ್ತಾ ಭಿನ್ನರಾಶಿ ಕಲಿತರು.

3. ಎರಡನೆಯದರಲ್ಲಿ, ಮಧ್ಯಾಹ್ನದ ಬುತ್ತಿಗೆ ಬದನೆಕಾಯಿ ತರುವುದನ್ನು ನಿಷೇಧಿಸಲಾಗಿತ್ತು. ಬದನೆಕಾಯಿಯಿಂದ ಬುದ್ಧಿ ಮಂದವಾಗುತ್ತದೆಂದು ಇನ್ಸ್‌ಪೆಕ್ಟರಿಗೆ ಅವರ ಸೋದರಮಾವ ತಿಳಿಸಿದ್ದರು. ಜಾರಿಯಾದ ದಿನವೇ ಶ್ರೀ ಗಂಗಾಧರಯ್ಯನವರು ಇನ್ಸ್‌ಪೆಕ್ಟರ ಬುತ್ತಿ ತೆರೆದು, "ಸಾರ್, ಎಣ್ಣೆಗಾಯಿ ಬಂದಿದೆ, ವಶಪಡಿಸಿಕೊಳ್ಳಲಾ?" ಎಂದು ಕೇಳಿದರು. ಇಬ್ಬರೂ ಸೇರಿ ವಶಪಡಿಸಿಕೊಂಡರು.

4. ಮೂರನೆಯದರಂತೆ, ಪ್ರತಿ ಸೋಮವಾರ ಹನ್ನೊಂದು ಗಂಟೆಗೆ ವಲಯದ ಎಲ್ಲ ಶಾಲೆಗಳೂ ಹದಿಮೂರರ ಮಗ್ಗಿಯನ್ನು ಒಟ್ಟಿಗೆ, ಈ ಕಚೇರಿಯ ಕಿಟಕಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಬೇಕಿತ್ತು. ಹತ್ತಿರದ ಶಾಲೆ ಕಾಲು ಮೈಲಿ ದೂರದಲ್ಲಿತ್ತು. ಕೆಂಗೇರಿಯಾಚೆಯ ಶಾಲೆಯವರು, ತಾವು ಕೂಗಿದ್ದು ಕೇಳಿಸಿತೇ ಎಂದು ಪತ್ರ ಬರೆದು ವಿಚಾರಿಸಿದರು. ಕೇಳಿಸಿತೆಂದು ಉತ್ತರಿಸಲಾಯಿತು. ಅದು ಸುಳ್ಳು.

5. ನಾಲ್ಕನೆಯದರಲ್ಲಿ, ಬೆಳಗಿನ ಹೊತ್ತು ಬುದ್ಧಿ ಚುರುಕಾಗಿರುವುದರಿಂದ ಎಲ್ಲ ಶಾಲೆಗಳಲ್ಲೂ ಹತ್ತು ಗಂಟೆಯ ಮೊದಲನೇ ಪೀರಿಯಡ್‌ನಲ್ಲಿ ಲೆಕ್ಕವನ್ನೇ ಕಲಿಸಬೇಕೆಂದೂ ತಪ್ಪಿದವರ ಮೇಲೆ ಕ್ರಮ ಜರುಗಿಸಲಾಗುವುದೆಂದೂ ಎಚ್ಚರಿಸಲಾಗಿತ್ತು. ನಾಲ್ಕರಲ್ಲಿ ಇದೊಂದು ಬುದ್ಧಿವಂತಿಕೆಯದೆಂದು ಎಲ್ಲರೂ ಒಪ್ಪಿದ್ದರು. ಹೆಚ್ಚು ಹಾನಿ ಇದರಿಂದಲೇ ಆಯಿತು.

6. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಸರಾಸರಿ ಮೂವತ್ತೊಂದರಿಂದ ಇಪ್ಪತ್ತೊಂಬತ್ತಕ್ಕೆ ಇಳಿಯಿತು. ವಿಜಯನಗರದ ಕಡೆಯ ಒಂದು ಶಾಲೆಯ ಏಳನೇ ತರಗತಿ ಮಾತ್ರ ಐವತ್ತನಾಲ್ಕು ತೆಗೆಯಿತು. ಆ ಶಾಲೆ ಮಾಗಡಿ ರಸ್ತೆಯ ಸಮೀಪದ ವಠಾರಗಳ ನಡುವೆ ಇದೆ. ಗಂಡಸರು ಮಿಲ್ಲಿಗೆ ಹೋಗುವವರು, ಹೆಂಗಸರು ರಾಜಾಜಿನಗರದ ಮನೆಗಳಲ್ಲಿ ಕೆಲಸ ಮಾಡುವವರು. ಅಂಥ ಕಡೆ ಐವತ್ತನಾಲ್ಕು ಬರಬೇಕಾದರೆ ನಕಲು ನಡೆದಿರಲೇಬೇಕೆಂದು ಇನ್ಸ್‌ಪೆಕ್ಟರು ಒಂದು ಕ್ಷಣವೂ ಯೋಚಿಸದೆ ತೀರ್ಮಾನಿಸಿದರು.

7. ಜನವರಿ ಹದಿನೇಳರಂದು ಮುನ್ಸೂಚನೆ ಇಲ್ಲದೆ ತಪಾಸಣೆ ನಡೆಸಲಾಯಿತು. ಹತ್ತೂ ಹತ್ತಕ್ಕೆ ಏಳನೇ ತರಗತಿಯಲ್ಲಿ ನಲವತ್ತಮೂರು ಮಕ್ಕಳ ಪೈಕಿ ಇಪ್ಪತ್ತೊಂದು ಮಂದಿ ಇದ್ದರು, ಹೆಣ್ಣುಮಕ್ಕಳು ಇಬ್ಬರೇ. ಲೆಕ್ಕ ನಡೆಯುತ್ತಿರಲಿಲ್ಲ. ಶ್ರೀಮತಿ ಜಯದೇವಿಯವರು ಮಕ್ಕಳಿಂದ ಹಾಡು ಹೇಳಿಸುತ್ತಿದ್ದರು. ನಾಲ್ಕನೇ ಸುತ್ತೋಲೆಯ ಉಲ್ಲಂಘನೆ ಕೈಗೇ ಸಿಕ್ಕಿದ್ದರಿಂದ ಇನ್ಸ್‌ಪೆಕ್ಟರಿಗೆ ಬಹಳ ಸಂತೋಷವಾಯಿತು. ಅಲ್ಲೇ ಮೇಜಿನ ಮೇಲೆ ಮೆಮೊ ಬರೆದು ಕೊಡಲಾಯಿತು. ಅವರನ್ನು ಕೆಂಗೇರಿಯಾಚೆಯ ಶಾಲೆಗೆ ವರ್ಗ ಮಾಡುವಂತೆ ಮೇಲಿನ ಕಚೇರಿಗೆ ಅದೇ ದಿನ ಶಿಫಾರಸು ಹೋಯಿತು. ಬಸವೇಶ್ವರನಗರದ ಅವರ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇದ್ದಾರೆಂದೂ, ಮಧ್ಯಾಹ್ನದ ಬಿಡುವಿನಲ್ಲಿ ಹೋಗಿ ಅವರಿಗೆ ಉಣ್ಣಿಸಿ ಬರುತ್ತಾರೆಂದೂ ಮುಖ್ಯೋಪಾಧ್ಯಾಯರು ಹೇಳಿದರು. ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

8. ಹತ್ತೂ ಐವತ್ತಕ್ಕೆ ಉಳಿದ ಮಕ್ಕಳು ಬಂದರು. ಲಂಗದ ಅಂಚುಗಳು ಒದ್ದೆಯಾಗಿದ್ದವು. ಮುಂದೆ ಇದ್ದ ಪಟಾಲಮ್ಮ ಎಂಬ ವಿದ್ಯಾರ್ಥಿನಿಯನ್ನು ವಿಚಾರಣೆಗೆ ಒಳಪಡಿಸಲಾಯಿತು. ಅವಳ ಹೇಳಿಕೆ ಹೀಗಿದೆ:

"ನೀರು ಬಿಡೋದೇ ಒಂಬತ್ತೂಕಾಲಿಗೆ ಸಾರ್. ನಮ್ಮಮ್ಮ ಕೆಲಸದಿಂದ ಬರೋದು ಹತ್ತೂವರೆಗೆ. ಬಿಂದಿಗೆ ಬಿಟ್ಟು ಬಂದ್ರೆ ಸಾಲಿಂದ ಆಚೆ ಎತ್ತಿಡ್ತಾರೆ. ಆಮೇಲೆ ಅಡುಗೆಗೆ ನೀರಿರಲ್ಲ."

ಸಾಲಿನಲ್ಲಿ ನಿಂತೇ ಮಗ್ಗಿ ಕಲಿಯಬಹುದಲ್ಲವೇ ಎಂದು ಇನ್ಸ್‌ಪೆಕ್ಟರು ಕೇಳಿದರು. ಮಗಳು ಮರೆತ ಸ್ಲೇಟು ಕೊಡಲು ಬಂದಿದ್ದ ಅವಳ ತಾಯಿ ರಾಮಕ್ಕ ಬಾಗಿಲ ಬಳಿಯಿಂದ, "ಒಂದಿನ ನಿಂತು ನೋಡಿ ಸ್ವಾಮಿ. ಮಗ್ಗಿ ಹಂಗಿರ್ಲಿ, ನಿಮ್ಮ ಹೆಸರು ನೆನಪಿದ್ರೆ ಸಾಕು," ಎಂದರು.

9. ಸದರಿ ಮಾತಿನ ಸತ್ಯಾಸತ್ಯತೆಯನ್ನು ಸ್ಥಳದಲ್ಲೇ ಪರಿಶೀಲಿಸಲು ನಿರ್ಧರಿಸಲಾಯಿತು. ಮರುದಿನ ಒಂಬತ್ತು ಗಂಟೆಗೆ ಕಚೇರಿಯ ಹಿತ್ತಾಳೆ ಬಿಂದಿಗೆಯೊಡನೆ ಇನ್ಸ್‌ಪೆಕ್ಟರು ವಠಾರದ ನಲ್ಲಿಗೆ ಹಾಜರಾದರು. ಮುಂದೆ ಮೂವತ್ತು ಬಿಂದಿಗೆಗಳಿದ್ದವು. ಸರ್ಕಾರಿ ಕೆಲಸದ ಮೇಲೆ ಬಂದವರಿಗೆ ಮೊದಲು ನೀರು ಕೊಡಬೇಕೆಂದು ಗುರುತುಪತ್ರ ತೋರಿಸಲಾಯಿತು. ಅಂಜಮ್ಮ ಎಂಬ ವೃದ್ಧೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದರಲ್ಲಿ ನೀರು ಹಿಡಿಯೋಕಾಗಲ್ಲ ಕಣಪ್ಪ. ಬಿಂದಿಗೆ ಹಿಂದ್ಗಡೆ ಇಡು," ಎಂದು ವಾಪಸು ಕೊಟ್ಟರು.

10. ಇನ್ಸ್‌ಪೆಕ್ಟರು ಒಂದು ಗಂಟೆ ಇಪ್ಪತ್ತು ನಿಮಿಷ ನಿಂತರು. ಹದಿಮೂರರ ಮಗ್ಗಿಯನ್ನು ಮೂರು ಸಲ ಆರಂಭಿಸಿ, ಹದಿಮೂರು ನಾಲ್ಕಲ ದಾಟಲಾಗದೆ ನಿಲ್ಲಿಸಿದರು. ಬಿಂದಿಗೆಯ ಮೇಲಿಂದ ಕಣ್ಣು ತೆಗೆದಾಗಲೆಲ್ಲ ಅದು ಒಂದು ಸ್ಥಾನ ಹಿಂದಕ್ಕೆ ಹೋಗುತ್ತಿತ್ತು. ಕೊನೆಯ ಹೊತ್ತಿಗೆ ತಳ್ಳಾಟದಲ್ಲಿ ಅವರು ಚರಂಡಿಯ ಅಂಚಿಗೆ ಬಿದ್ದರು. ಪಟಾಲಮ್ಮ ಬಿಂದಿಗೆಯನ್ನು ಎತ್ತಿ ತುಂಬಿಸಿ ಕೊಟ್ಟು, "ತೋಳ್ಮೇಲೆ ಅಲ್ಲ ಸಾರ್, ಸೊಂಟದ ಮೇಲೆ ಇಟ್ಕೊಳಿ," ಎಂದು ತಿಳಿಸಿದಳು. ಬಿಂದಿಗೆ ಒಂದು ಕಡೆ ತಗ್ಗಾಗಿದ್ದು, 'ಕರ್ತವ್ಯದಲ್ಲಿದ್ದಾಗ ನೆಗ್ಗಿದೆ' ಎಂದು ದಾಸ್ತಾನು ಪುಸ್ತಕದಲ್ಲಿ ಶ್ರೀ ಗಂಗಾಧರಯ್ಯನವರು ನಮೂದಿಸಿದ್ದಾರೆ.

11. ತರಬೇತಿ ಪಡೆದ ಮನಸ್ಸಿಗೆ ಇಂಥದ್ದೆಲ್ಲ ತಟ್ಟುವುದಿಲ್ಲವೆಂದು ತೋರಿಸಲು ಇನ್ಸ್‌ಪೆಕ್ಟರು ಒದ್ದೆ ಪ್ಯಾಂಟಿನಲ್ಲೇ ಶಾಲೆಗೆ ಬಂದರು. ಹೆಣ್ಣುಮಕ್ಕಳ ಸಾಲಿನ ಕೊನೆಯ ಬೆಂಚಿನಲ್ಲಿ ಪಟಾಲಮ್ಮನ ಪಕ್ಕ ಕುಳಿತು, ಅವಳ ಜೊತೆ ತಮಗೂ ಐವತ್ತು ಅಂಕದ ಲೆಕ್ಕದ ಪತ್ರಿಕೆ ಕೊಡಬೇಕೆಂದು ಆಜ್ಞಾಪಿಸಿದರು. ಜಯದೇವಿಯವರು, "ಸ್ವಲ್ಪ ಕೂತು ಸುಧಾರಿಸ್ಕೊಳ್ಳಿ ಸಾರ್, ಆಮೇಲೆ ಬರೆಯೋರಂತೆ," ಎಂದರು. ಇನ್ಸ್‌ಪೆಕ್ಟರು ಒಪ್ಪಲಿಲ್ಲ. ನಲ್ಲಿಯೊಂದು ಆರು ಗಂಟೆಯಲ್ಲಿ ತೊಟ್ಟಿ ತುಂಬಿಸುತ್ತದೆ, ತಳದ ತೂತು ಹನ್ನೆರಡು ಗಂಟೆಯಲ್ಲಿ ಅದನ್ನು ಖಾಲಿ ಮಾಡುತ್ತದೆ, ಎರಡೂ ತೆರೆದಿದ್ದರೆ ತುಂಬಲು ಎಷ್ಟು ಹೊತ್ತು ಬೇಕು ಎಂಬ ಪ್ರಶ್ನೆಗೆ ಅವರು, 'ಮುಂದೆ ಎಷ್ಟು ಜನ ಇದ್ದಾರೆ ಎಂಬುದರ ಮೇಲೆ ಹೋಗುತ್ತದೆ' ಎಂದು ಉತ್ತರಿಸಿದ್ದಾರೆ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, 'ನಿಜ. ಅಂಕವಿಲ್ಲ' ಎಂದು ಬರೆದಿದೆ.

12. ಇನ್ಸ್‌ಪೆಕ್ಟರಿಗೆ ಐವತ್ತಕ್ಕೆ ಹದಿನಾಲ್ಕು ಬಂತು. ಅದೇ ಹೊತ್ತಿನಲ್ಲಿ ಬರೆದ ಪಟಾಲಮ್ಮನಿಗೆ ಇಪ್ಪತ್ತೆರಡು. ಮೈ ಒಣಗಿದ ಮೇಲೆ, ಮೂರನೇ ಪೀರಿಯಡ್‌ನಲ್ಲಿ, ಅಷ್ಟೇ ಕಷ್ಟದ ಇನ್ನೊಂದು ಪತ್ರಿಕೆಯನ್ನು ಕೊಡಲಾಯಿತು. ಇನ್ಸ್‌ಪೆಕ್ಟರು ಮೂವತ್ತೊಂದು, ಪಟಾಲಮ್ಮ ನಲವತ್ತಮೂರು. ನಕಲಿನ ಸಂದೇಹ ನಿವಾರಣೆಯಾಯಿತು. ಅವಳ ಪಕ್ಕದಲ್ಲಿ ಕುಳಿತಿದ್ದವರು ಇನ್ಸ್‌ಪೆಕ್ಟರೇ ಆಗಿದ್ದು, ಅವರನ್ನು ನೋಡಿ ಬರೆದು ಆ ಅಂಕ ತೆಗೆಯಲು ಸಾಧ್ಯವಿರಲಿಲ್ಲ.

13. ಅಂಕ ಏರಲು ಕಾರಣವಾದ ಕ್ರಮಗಳನ್ನು ಜಯದೇವಿಯವರ ಸಮಜಾಯಿಷಿಯಿಂದ ಇದ್ದಂತೆ ಎತ್ತಿ ಬರೆಯಲಾಗಿದೆ: 'ಶಾಲೆಗೆ ಇನ್ನೂ ಬಾರದ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ವಿಧಾನ ನನಗೆ ತಿಳಿಯದು. ಆದ್ದರಿಂದ ಅವರು ಬಂದು, ಕುಳಿತು, ಸುಧಾರಿಸಿಕೊಂಡ ಮೇಲೆ ಮೂರನೇ ಪೀರಿಯಡ್‌ನಲ್ಲಿ ಹೇಳಿಕೊಡುತ್ತಿದ್ದೇನೆ. ಪ್ರತಿ ಶುಕ್ರವಾರ ಐದು ಲೆಕ್ಕ ಕೊಡುತ್ತೇನೆ. ಅದಕ್ಕೆ ಅಂಕವಿಲ್ಲ, ಬೈಗಳೂ ಇಲ್ಲ. ಶನಿವಾರ ಬೆಳಿಗ್ಗೆಯೇ ವಾಪಸು ಕೊಟ್ಟು, ಹೆಚ್ಚು ಮಂದಿ ತಪ್ಪಿದ್ದನ್ನು ಮೊದಲಿಂದ ಮಾಡಿಸುತ್ತೇನೆ. ಬೇರೇನೂ ಮಾಡಿಲ್ಲ. ಈ ಬಗ್ಗೆ ಮೂರು ಸಲ ತಮಗೆ ಬರೆದಿದ್ದೆ.'

14. ಆ ಮೂರು ಪತ್ರಗಳನ್ನು ಹುಡುಕಲಾಯಿತು. 'ನೀರಿನ ವಿಷಯ. ಈ ಶಾಖೆಗೆ ಸಂಬಂಧಿಸಿದ್ದಲ್ಲ' ಎಂಬ ಷರಾದೊಡನೆ ಮೂರೂ ಒಂದೇ ಕಡತದಲ್ಲಿ ಸಿಕ್ಕವು. ಷರಾ ಇನ್ಸ್‌ಪೆಕ್ಟರ ಕೈಬರಹದಲ್ಲಿತ್ತು. ಶ್ರೀ ಗಂಗಾಧರಯ್ಯನವರು ಪತ್ರಗಳನ್ನು ಮೇಜಿನ ಮೇಲಿಟ್ಟು ಹೊರಗೆ ಹೋದರು. ಇನ್ಸ್‌ಪೆಕ್ಟರಿಗೆ ನಾಚಿಕೆಯಾಯಿತು. ನಾಚಿಕೆಗೆ ನಿಗದಿತ ನಮೂನೆ ಇಲ್ಲದಿರುವುದರಿಂದ ಇಲ್ಲಿಯೇ ದಾಖಲಿಸಲಾಗಿದೆ.

15. ಅಷ್ಟರಲ್ಲಿ ವರ್ಗಾವಣೆಯ ಆದೇಶ ಬಂದಿತ್ತು. ಈ ಶಾಖೆ ಕಳಿಸಿದ ಕಾಗದಗಳಲ್ಲಿ ಮೂರು ದಿನದೊಳಗೆ ಉತ್ತರ ಬಂದದ್ದು ಅದೊಂದಕ್ಕೇ. ಅದನ್ನು ರದ್ದುಪಡಿಸಲು ಕೋರಿದಾಗ ಯಾವ ನಿಯಮದಡಿ ಎಂದು ಮೇಲಿನ ಕಚೇರಿ ಕೇಳಿತು. ಅಂಥ ನಿಯಮ ಇರಲಿಲ್ಲ. ಇನ್ಸ್‌ಪೆಕ್ಟರು ಖುದ್ದಾಗಿ ಹೋಗಿ ಅಲ್ಲಿನ ಅಧಿಕಾರಿ ಶ್ರೀ ರೇವಣಸಿದ್ದಯ್ಯನವರ ಮುಂದೆ ನಿಂತರು.

"ತಪ್ಪು ಅವರದ್ದಲ್ಲ ಸಾರ್, ನನ್ನದು."

"ಬಾಯಲ್ಲಿ ಹೇಳಿದ್ರೆ ಆಗಲ್ಲ ಶಂಭುಲಿಂಗಪ್ಪನವರೇ. ಬರೆದು ಕೊಡ್ತೀರಾ? ನಿಮ್ಮ ಸರ್ವಿಸ್ ರಿಜಿಸ್ಟರ್‌ಗೆ ಹೋಗತ್ತೆ, ಯೋಚನೆ ಮಾಡಿ."

ಇನ್ಸ್‌ಪೆಕ್ಟರು ಹೊರಗಿನ ಬೆಂಚಿನಲ್ಲಿ ಅರ್ಧ ಗಂಟೆ ಯೋಚನೆ ಮಾಡಿದರು. ಬಡ್ತಿಗೆ ಎರಡು ವರ್ಷ ಉಳಿದಿತ್ತು. ಒದ್ದೆ ಲಂಗದಲ್ಲಿ ಕುಳಿತು ಇಪ್ಪತ್ತೆರಡು ತೆಗೆದವಳು ನೆನಪಾದಳು. ಒಳಗೆ ಹೋಗಿ ಬರೆದು ಕೊಟ್ಟರು. ಅವರ ಸೇವೆಯಲ್ಲಿ ಒಂದೇ ಪುಟದಲ್ಲಿ ಮುಗಿದ ಮೊದಲ ಕಾಗದ ಅದು.

16. ಜಯದೇವಿಯವರ ವರ್ಗಾವಣೆ ರದ್ದಾಯಿತು. ಮಾರ್ಚ್‌ನ ಪಬ್ಲಿಕ್ ಪರೀಕ್ಷೆಗೆ ಅವರೇ ಮಕ್ಕಳನ್ನು ಕರೆದೊಯ್ದರು. ಹೋದ ವರ್ಷ ಆ ತರಗತಿಯಲ್ಲಿ ಲೆಕ್ಕದಲ್ಲಿ ಪಾಸಾದವರು ಹತ್ತೊಂಬತ್ತು ಮಂದಿ. ಈ ವರ್ಷ ಮೂವತ್ತಾರು. ಪಟಾಲಮ್ಮ ಎಂಬತ್ತೊಂದು ಅಂಕ ಪಡೆದು ಹೈಸ್ಕೂಲಿಗೆ ಸೇರಿದ್ದಾಳೆ. ಪಾಸಾಗದೆ ಉಳಿದ ಏಳು ಮಂದಿಯನ್ನು ಈ ಬೇಸಿಗೆಯಲ್ಲಿ ದಿನಾ ತಮ್ಮ ಮನೆಗೆ ಕರೆಸಿಕೊಂಡು, ಅತ್ತೆಯ ಮಂಚದ ಪಕ್ಕದಲ್ಲೇ ಕೂರಿಸಿ ಜಯದೇವಿಯವರು ಹೇಳಿಕೊಡುತ್ತಿದ್ದಾರೆ. ಇದಕ್ಕೆ ಈ ಶಾಖೆಯ ಅನುಮತಿಯನ್ನು ಅವರು ಪಡೆದಿಲ್ಲ. ಪಡೆಯದಿರುವುದೇ ಕ್ಷೇಮ.

17. ಈ ಸುದ್ದಿ ಹರಡಿದ ಮೇಲೆ ನಾಲ್ಕು ಶಾಲೆಗಳ ಮುಖ್ಯೋಪಾಧ್ಯಾಯರು ಮಕ್ಕಳಿಗೆ ಬಿಂದಿಗೆ ಕೊಟ್ಟು ನಲ್ಲಿಯ ಮುಂದೆ ಕಡ್ಡಾಯವಾಗಿ ನಿಲ್ಲಿಸಿರುವುದು ಗಮನಕ್ಕೆ ಬಂದಿದೆ. ಮನೆಯೊಳಗೇ ನಲ್ಲಿ ಇರುವ ಮಕ್ಕಳನ್ನು ಒಂದು ಶಾಲೆಯವರು ಬೇರೆ ಬಡಾವಣೆಗೆ ನಡೆಸಿಕೊಂಡು ಹೋಗಿ ನಿಲ್ಲಿಸಿದ್ದಾರೆ. ನೀರು ಹಿಡಿಯುವುದರಿಂದ ಅಂಕ ಏರುವುದಿಲ್ಲವೆಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ. ಬಿಂದಿಗೆಗಳನ್ನು ಮಕ್ಕಳ ತಾಯಂದಿರಿಗೆ ಹಿಂತಿರುಗಿಸತಕ್ಕದ್ದು.

18. ಹಿಂದಿನ ನಾಲ್ಕೂ ಸುತ್ತೋಲೆಗಳನ್ನು ವಾಪಸು ಪಡೆಯಲಾಗಿದೆ. ಬೆಂಚುಗಳನ್ನು ಕಪ್ಪುಹಲಗೆಯ ಕಡೆಗೆ ತಿರುಗಿಸುವುದು. ಬದನೆಕಾಯಿ ತಿನ್ನಬಹುದು. ಲೆಕ್ಕವನ್ನು ಯಾವ ಪೀರಿಯಡ್‌ನಲ್ಲಿ ಕಲಿಸಬೇಕೆಂದು ಈ ಶಾಖೆಯನ್ನು ಕೇಳದೆ, ಯಾವ ಮಗು ಎಷ್ಟು ಹೊತ್ತಿಗೆ, ಯಾವ ಕೆಲಸ ಮುಗಿಸಿ ಬರುತ್ತದೆಂದು ಮಕ್ಕಳನ್ನೇ ಕೇಳಿ ತೀರ್ಮಾನಿಸತಕ್ಕದ್ದು.

19. ಕೆಂಗೇರಿಯಾಚೆಯ ಶಾಲೆಗೆ ಒಬ್ಬರನ್ನು ವರ್ಗ ಮಾಡಲು ಮಂಜೂರಾತಿ ಆಗಿಹೋಗಿದ್ದು, ಆ ಜಾಗವನ್ನು ಖಾಲಿ ಬಿಡಲು ನಿಯಮಗಳಲ್ಲಿ ಅವಕಾಶವಿಲ್ಲದ ಕಾರಣ, ಕೆಳಗೆ ಸಹಿ ಮಾಡಿರುವವನನ್ನು ನಾಳೆಯಿಂದ ಅಲ್ಲಿಗೆ ಏಳನೇ ತರಗತಿಯ ಲೆಕ್ಕದ ಉಪಾಧ್ಯಾಯನನ್ನಾಗಿ ನಿಯೋಜಿಸಲಾಗಿದೆ. ಸದರಿಯವನು ಹದಿನೆಂಟು ವರ್ಷದಿಂದ ಪಾಠ ಮಾಡಿಲ್ಲ. ಕಳೆದ ಎರಡು ಶನಿವಾರ ಜಯದೇವಿಯವರ ಮನೆಯಲ್ಲಿ ಆ ಏಳು ಮಕ್ಕಳ ಜೊತೆ ಕುಳಿತು ಕಲಿತು ಬಂದಿದ್ದಾನೆ. ಭಿನ್ನರಾಶಿಯ ಭಾಗಾಕಾರದವರೆಗೆ ಆಗಿದೆ.

(ಸಹಿ)
ಶಂಭುಲಿಂಗಪ್ಪ
ಶಾಲಾ ಇನ್ಸ್‌ಪೆಕ್ಟರ್ (ಇಂದು ಸಂಜೆ ಐದರವರೆಗೆ)
ಅಂಕ ಏರಿಕೆ ಶಾಖೆ, ಪಶ್ಚಿಮ ವಲಯ

ಪ್ರತಿಗಳು:

1. ವಲಯದ ಎಲ್ಲ ಶಾಲೆಗಳಿಗೆ, ಪಾಲಿಸುವ ಮೊದಲು ಸ್ವಲ್ಪ ಯೋಚಿಸಲು.
2. ಶ್ರೀ ರೇವಣಸಿದ್ದಯ್ಯನವರಿಗೆ, ಮಾಹಿತಿಗಾಗಿ. ಯಾವ ನಿಯಮದಡಿ ಎಂದು ದಯವಿಟ್ಟು ಕೇಳಬಾರದು.
3. ನೀರು ಬಿಡುವ ಕಚೇರಿಗೆ, ಸಾಧ್ಯವಾದರೆ ಏಳು ಗಂಟೆಗೇ ಬಿಡುವಂತೆ ಪ್ರಾರ್ಥನೆಯೊಂದಿಗೆ.
4. ಶ್ರೀಮತಿ ಜಯದೇವಿಯವರಿಗೆ. ಮೆಮೊದ ಕಚೇರಿ ಪ್ರತಿಯನ್ನು ಹರಿದು ಲಗತ್ತಿಸಿದೆ.
5. ಇನ್ಸ್‌ಪೆಕ್ಟರ ಸೋದರಮಾವನವರಿಗೆ.
6. ಶ್ರೀಮತಿ ರಾಮಕ್ಕನವರಿಗೆ, ಮಗಳಿಂದ ಓದಿಸಿಕೊಳ್ಳಲು. ಹನ್ನೆರಡನೇ ಕಲಮನ್ನು ಎರಡೆರಡು ಸಲ ಓದಿಸಬಾರದಾಗಿ ಕೋರಿದೆ.