ಡೆಲ್ಮರ್ ಕ್ವಿಗ್ ಹೊತ್ತ ಭಾರ

ಹೋದ ವರ್ಷದ ಪಂದ್ಯದಲ್ಲಿ ಡೆಲ್ಮರ್ ಕ್ವಿಗ್‌ನ ಬೆಲ್ಟು ಮೊಣಕಾಲಿಗೆ ಇಳಿದಿತ್ತು. ಬೆಲ್ಟು ಒಂದೇ ಇಳಿದಿದ್ದರೆ ಚಿಂತೆಯಿರಲಿಲ್ಲ. ಹೋಗುವಾಗ ಅದು ಪ್ಯಾಂಟನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ರೈಫಲ್ಲು, ಪಿಸ್ತೂಲು, ಗುಂಡಿನ ಮ್ಯಾಗಜೀನುಗಳನ್ನೆಲ್ಲ ಮೈಮೇಲೆ ಹೊತ್ತು ಗುಡ್ಡದ ಹಾದಿಯಲ್ಲಿ ಓಡಬೇಕು, ನಡುನಡುವೆ ನಿಂತು ಕಬ್ಬಿಣದ ತಟ್ಟೆಗಳಿಗೆ ಗುರಿಯಿಟ್ಟು ಹೊಡೆಯಬೇಕು. ಅಂಥ ಪಂದ್ಯದಲ್ಲಿ ಒಂದು ಕೈ ಪ್ಯಾಂಟಿಗೇ ಮೀಸಲಾದರೆ ಏನು ಗತಿ? ಪೂರ್ವ ಓಕ್ಲಹೋಮದ ಆ ಪುಟ್ಟ ಊರಿನಲ್ಲಿ ಪಿಯಾನೊ ಶ್ರುತಿ ಮಾಡಿಕೊಂಡು ಮರ್ಯಾದೆಯಿಂದಿದ್ದ ಮನುಷ್ಯ ವರ್ಷವಿಡೀ ದಿನಸಿ ಅಂಗಡಿಗೂ ತಲೆ ತಗ್ಗಿಸಿಕೊಂಡೇ ಹೋಗಿ ಬಂದ.

ಹಾಗಾಗಿ ಈ ಸಲ ಡೆಲ್ಮರ್ ಹೆಗಲ ಪಟ್ಟಿಗಳಿರುವ ಅಗಲವಾದ ಬೆಲ್ಟು ಹೊಂದಿಸಿಕೊಂಡು, ನವೆಂಬರಿನ ಮಂಜು ಮುಸುಕಿದ ಬೆಳಿಗ್ಗೆ ಪಂದ್ಯದ ಬಯಲಿಗೆ ಬಂದಿಳಿದ. ಟ್ರಕ್ಕಿನ ಬಾಗಿಲು ಮುಚ್ಚುವ ಮೊದಲೇ ಪಕ್ಕದ ಮನೆಯ ವರ್ಜಿಲ್ ಹಾಜರಾದ.

"ಅಯ್ಯೋ ಮಾರಾಯ, ಭಾರ ಎಲ್ಲ ಹೆಗಲ ಮೇಲೆ ಹಾಕ್ಕೊಂಡಿದ್ದೀಯಲ್ಲೋ! ಸೊಂಟದ ಮೇಲೆ ಕೂರಬೇಕು ಭಾರ. ಇಳಿಸು ಕೆಳಗೆ!" ಎಂದು ಮ್ಯಾಗಜೀನಿನ ಚೀಲಗಳನ್ನೆಲ್ಲ ಕಿತ್ತು ಸೊಂಟಕ್ಕೆ ಸಿಕ್ಕಿಸಿದ.

ಎದುರು ಮನೆಯ ರೋಂಡಾ ಕಾಫಿಯ ಲೋಟ ಹಿಡಿದು ಬಂದವಳೇ, "ಅವನ ಮಾತು ಕೇಳಿ ಕೆಟ್ಟೀಯ ಡೆಲ್ಮರ್. ಎದೆಗೆ ಕಟ್ಟಿದ್ರೇನೇ ಕೈಗೆ ಬೇಗ ಸಿಗೋದು," ಎಂದು ಅರ್ಧವನ್ನು ಎದೆಗೆ ಏರಿಸಿದಳು. ಅಷ್ಟಕ್ಕೆ ಬಿಡದೆ, ನೀರಿನ ಚೀಲ, ಗಾಯಕ್ಕೆ ಕಟ್ಟುವ ಬಟ್ಟೆಯ ಡಬ್ಬಿ, ಓಡುವಾಗ ಕಾಲು ಸೆಳೆತ ಬಂದರೆ ಕುಡಿಯಲು ಇರಲಿ ಅಂತ ಒಂದು ಬಾಟಲಿ ಉಪ್ಪಿನಕಾಯಿ ರಸವನ್ನೂ ಬೆನ್ನ ಚೀಲಕ್ಕೆ ತುರುಕಿದಳು. ಎಲ್ಲ ಮುಗಿದಾಗ ಡೆಲ್ಮರ್ ಮನೆ ಖಾಲಿ ಮಾಡಿ ಹೊರಟ ಸಂಸಾರದ ಹಾಗೆ ಕಾಣುತ್ತಿದ್ದ. ಒಂದು ಹೆಜ್ಜೆ ಇಟ್ಟರೆ ಮೈಯೆಲ್ಲ ಝಣಝಣ.

"ಕಣಿವೆಯಲ್ಲಿ ಹುಷಾರು," ವರ್ಜಿಲ್ ದನಿ ತಗ್ಗಿಸಿದ. "ಹಿಂದೆ ಅಲ್ಲೊಬ್ಬ ಪೊಲೀಸು ಕಳ್ಳರನ್ನ ಅಟ್ಟಿಸಿಕೊಂಡು ಹೋಗಿದ್ದನಂತೆ. ಮೈತುಂಬ ಗುಂಡಿನ ಪಟ್ಟಿ. ಹೊಳೆ ದಾಟೋವಾಗ ಆ ಭಾರಕ್ಕೇ ಮುಳುಗಿ ಹೋದ. ಹೆಗಲ ಮೇಲಿಂದ ಅದನ್ನ ಇಳಿಸೋಕೆ ಒಬ್ಬರೂ ಬರಲಿಲ್ಲ. ಮಂಜು ಬಿದ್ದ ದಿನ ಅವನು ಈಗಲೂ ಅಲ್ಲೇ ಓಡಾಡ್ತಾನಂತೆ."

"ಓಡೋನಿಗೆ ಇದನ್ನೆಲ್ಲ ಹೇಳೋ ಹೊತ್ತಾ ಇದು?" ಎಂದು ರೋಂಡಾ ಗದರಿಸಿದಳು. ಆಮೇಲೆ ತಾನೂ ಸೇರಿಸಿದಳು, "ಝಣ್ ಝಣ್ ಅಂತ ಸದ್ದು ಬರುತ್ತಂತೆ."

ಓಟಗಾರರನ್ನು ಒಬ್ಬೊಬ್ಬರಾಗಿ ಬಿಡುತ್ತಿದ್ದರು. ತನ್ನ ಸರದಿ ಬಂದು, ಹೊರಡಲು ಟೈಮರು ಬೀಪ್ ಅಂದ ಕೂಡಲೇ ಡೆಲ್ಮರ್ ಓಡಿದ. ಕಣಿವೆಗೆ ಇಳಿಯುವ ಹೊತ್ತಿಗೆ ಅವನ ಹೆಗಲು ಕಳಚಿ ಬೀಳುವಂತಾಗಿತ್ತು. ಮಂಜು ಹಾಲಿನ ಕೆನೆಯ ಹಾಗೆ ದಟ್ಟವಾಗಿತ್ತು. ಓಕ್ ಮರಗಳು ಹತ್ತಿರ ಹೋದ ಮೇಲಷ್ಟೇ ಕಂಡು, ದಾಟಿದ ಕೂಡಲೇ ಮಾಯವಾಗುತ್ತಿದ್ದವು. ಹಕ್ಕಿಯೊಂದೂ ಉಲಿಯುತ್ತಿರಲಿಲ್ಲ.

ಎಲ್ಲೋ ಮುಂದೆ ಯಾರೋ ಕಿರುಚಿದರು. ಪೊದೆಗಳು ಪಟಪಟ ಮುರಿದವು. ಆಮೇಲೆ ಸದ್ದಡಗಿತು.

ಡೆಲ್ಮರ್ ನಿಂತ. ಶ್ರುತಿ ಹಿಡಿಯುವ ಕಿವಿ ಅವನದು. ತನ್ನ ಬಕಲ್ಲು ಯಾವ ಸ್ವರದಲ್ಲಿ ಬಡಿಯುತ್ತದೆ ಎಂಬುದೂ ಅವನಿಗೆ ಗೊತ್ತಿತ್ತು. ತಾನು ನಿಂತ ಮೇಲೂ, ಬೆನ್ನ ಹಿಂದೆ, ಬಹಳ ಮೆಲ್ಲಗೆ, ಒಂದು ಝಣ್ ಕೇಳಿದ ಹಾಗಾಯಿತು. ತನ್ನದಕ್ಕಿಂತ ಕೊಂಚ ಕೆಳಗಿನ ಸ್ವರ. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಕಾಲಿಗೆ ಬುದ್ಧಿ ಹೇಳಿದ.

ಆಗಲೇ ವಿಚಿತ್ರ ನಡೆದದ್ದು. ಹೊಳೆ ದಾಟಿದ್ದೇ ಮೈಮೇಲಿನ ಭಾರ ಹೋಯಿತು. ಚೀಲಗಳೆಲ್ಲ ಇದ್ದಲ್ಲೇ ಇದ್ದವು, ಹೆಗಲ ನೋವು ಮಾತ್ರ ಇರಲಿಲ್ಲ. 'ಅಬ್ಬ, ಪಟ್ಟಿ ಈಗ ಸರಿಯಾಗಿ ಕೂತಿತು!' ಎಂದುಕೊಂಡ ಡೆಲ್ಮರ್ ಗುಡ್ಡವನ್ನು ಮೇಕೆಯ ಹಾಗೆ ಏರಿದ. ತಟ್ಟೆಗಳ ಎದುರು ನಿಂತಾಗ ಅವನಿಗೆ ಏದುಸಿರೇ ಇರಲಿಲ್ಲ. ಟಣ್, ಟಣ್, ಟಣ್! ಬದುಕಿನಲ್ಲಿ ಮೊದಲ ಸಲ ಒಂದು ತಟ್ಟೆಯೂ ತಪ್ಪಲಿಲ್ಲ. ಪ್ಯಾಂಟೂ ಇದ್ದಲ್ಲೇ ಇತ್ತು.

ಕುಣಿಯುತ್ತ ಗುರಿ ಮುಟ್ಟಿದರೆ ಅಲ್ಲಿ ಚಪ್ಪಾಳೆ ತಟ್ಟುವವರಿಲ್ಲ. ಅವನಿಗಿಂತ ಮುಂದೆ ಹೋದವರು ಕಂಬಳಿ ಹೊದ್ದು ನಡುಗುತ್ತ ಕುಳಿತಿದ್ದರು. ಒಬ್ಬನ ಷರ್ಟು ಮುಳ್ಳುತಂತಿಗೆ ಸಿಕ್ಕಿ ಹರಿದಿತ್ತು.

"ಕಣಿವೆಯಲ್ಲಿ ಕಂಡ್ವಿ," ಅವನು ತೊದಲಿದ. "ಗೂನು ಬೆನ್ನು. ಮೈತುಂಬ ಗಂಟು. ಝಣಝಣ ಅಂತ ನಮ್ಮ ಹಿಂದೇನೇ ಬರ್ತಿತ್ತು! ದಾರಿ ಬಿಟ್ಟು ಓಡಿದ್ವಿ."

ಪಂದ್ಯ ನಡೆಸುತ್ತಿದ್ದ ಮಿಸೆಸ್ ರಸ್ಕ್ ಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತಳಾದವಳು. ದೆವ್ವಗಳೂ ಆಕೆಯ ಎದುರು ಸಾಲಾಗಿ ನಿಲ್ಲಬೇಕು. "ಬಂದೂಕು ಹಿಡಿದು ಕಾಡಲ್ಲಿ ದಿಕ್ಕೆಟ್ಟು ಓಡೋದು ಅಂದ್ರೆ ಹುಡುಗಾಟನಾ? ಪಂದ್ಯ ನಿಲ್ಲಿಸಿದ್ದೀನಿ. ಇವತ್ತಿನ ಯಾವ ಅಂಕಾನೂ ಲೆಕ್ಕಕ್ಕಿಲ್ಲ," ಎಂದಳು.

ಡೆಲ್ಮರ್‌ನ ಎದೆ ಧಸಕ್ಕೆಂದಿತು. ಒಂದೂ ತಪ್ಪದ ತಟ್ಟೆಗಳು! ಗೂನು, ಗಂಟು, ಝಣಝಣ... ತನ್ನ ಮೈಯನ್ನೇ ಒಮ್ಮೆ ನೋಡಿಕೊಂಡ. ಅರ್ಥವಾಯಿತು.

"ಮೇಡಂ, ಅದು ದೆವ್ವ ಅಲ್ಲ. ನಾನೇ!" ಎಂದು ನಿಂತಲ್ಲೇ ಕುಪ್ಪಳಿಸಿ ತೋರಿಸಿದ. ಝಣ್! ಕಂಬಳಿಗಳು ಬೆಚ್ಚಿಬಿದ್ದವು. ಆಮೇಲೆ ಬಯಲೇ ಬಿರಿಯುವ ಹಾಗೆ ನಗು. ಹೋದ ವರ್ಷ ಪ್ಯಾಂಟು, ಈ ವರ್ಷ ದೆವ್ವ. ಡೆಲ್ಮರ್ ತಾನೂ ನಕ್ಕ. ಅಂಕ ಉಳಿದರೆ ಸಾಕಾಗಿತ್ತು ಅವನಿಗೆ.

ಅಷ್ಟರಲ್ಲಿ ಹೊಳೆಯ ಬಳಿ ಕಾವಲಿಗೆ ಕುಳಿತಿದ್ದ ಆರ್ಡಿತ್ ಅಜ್ಜಿ ಮಡಚುವ ಕುರ್ಚಿಯನ್ನು ಕಂಕುಳಲ್ಲಿಟ್ಟುಕೊಂಡು ಬಂದಳು.

"ಇವನು ಡೆಲ್ಮರ್ ಅಂತ ನನಗೆ ಆಗಲೇ ಗೊತ್ತಾಯ್ತು," ಎಂದಳು. "ಅದಿರಲಿ ರಸ್ಕಮ್ಮ, ಜೊತೆಗೆ ಒಬ್ಬ ಸಹಾಯಕನನ್ನ ಕರ್ಕೊಂಡು ಓಡಬಹುದಾ? ನಿಯಮ ಬದಲಾಯ್ತಾ?"

"ಯಾವ ಸಹಾಯಕ?"

"ಆ ತೆಳ್ಳಗಿನ ಹುಡುಗ. ಹೊಳೆಯಿಂದ ಮೇಲೆ ಬಂದವನು ಇವನ ಚೀಲದ ಕೆಳಗೆ ಎರಡೂ ಕೈಕೊಟ್ಟು ಎತ್ತಿ ಹಿಡ್ಕೊಂಡೇ ಹಿಂದೆ ಓಡ್ತಿದ್ದ. ಪಾಪ, ಮೈಯೆಲ್ಲ ನೀರು ಸೋರ್ತಿತ್ತು. ಕೂಗಿದೆ, ತಿರುಗಿ ನೋಡಲಿಲ್ಲ."

ಡೆಲ್ಮರ್‌ನ ಮುಖದಲ್ಲಿದ್ದ ನಗು ಅಲ್ಲೇ ಹೆಪ್ಪುಗಟ್ಟಿತು. ಬೆನ್ನ ಚೀಲದ ತಳ ಮುಟ್ಟಿ ನೋಡಿಕೊಂಡ. ಒದ್ದೆಯಾಗಿತ್ತು. ಮೂಸಿದ. ಉಪ್ಪಿನಕಾಯಿ ರಸವಲ್ಲ, ಹೊಳೆಯ ಪಾಚಿಯ ವಾಸನೆ.

ಮಿಸೆಸ್ ರಸ್ಕ್ ಕನ್ನಡಕ ಸರಿಪಡಿಸಿಕೊಂಡಳು. "ಇನ್ನೊಬ್ಬರ ನೆರವು ತಗೊಂಡ್ರೆ ಅಂಕ ರದ್ದು. ನಿಯಮ ಅಂದ್ರೆ ನಿಯಮ. ದೆವ್ವದ ವಿಷಯ ಹೇಗೂ ಬಗೆಹರೀತಲ್ಲ, ಎಲ್ಲರೂ ಇನ್ನೊಂದು ಸಲ ಓಡಿ. ಡೆಲ್ಮರ್, ನೀನು ಯಾರನ್ನೂ ಹೆದರಿಸದ ಹಾಗೆ ಕೊನೆಗೆ. ಒಬ್ಬನೇ."

"ಮೇಡಂ, ನಾನು ಮನೆಗೆ ಹೋಗ್ತೀನಿ..."

"ನೋಡ್ರೋ, ದೆವ್ವಕ್ಕೇ ಹೆದರಿಕೆ!" ಯಾರೋ ಕೂಗಿದರು. ಇನ್ನೊಂದು ವರ್ಷ ಈ ಊರಲ್ಲಿ ತಲೆ ತಗ್ಗಿಸಿ ನಡೆಯುವುದನ್ನು ನೆನೆದು ಡೆಲ್ಮರ್ ಬಾಯಿ ಮುಚ್ಚಿದ.

ಉಳಿದವರೆಲ್ಲ ಹಾಡು ಹೇಳಿಕೊಂಡು ಹೋಗಿ ಬಂದರು. ಯಾರಿಗೂ ಏನೂ ಕಾಣಲಿಲ್ಲ. ಡೆಲ್ಮರ್‌ನ ಸರದಿ ಬಂದಾಗ ಬಯಲಿನ ಅಂಚಿನಲ್ಲಿ ಮಂಜು ಇನ್ನಷ್ಟು ಹತ್ತಿರ ಬಂದು ನಿಂತಿತ್ತು. ವರ್ಜಿಲ್ ಮತ್ತು ರೋಂಡಾ ಇಬ್ಬರೂ ಸೇರಿ, ಏದುಸಿರು ಬಿಡುತ್ತ, ಎಲ್ಲ ಚೀಲಗಳ ಸಮೇತ ಪಟ್ಟಿಯನ್ನು ಎತ್ತಿ ಅವನ ಹೆಗಲಿಗೆ ಹಾಕಿದರು. ಡೆಲ್ಮರ್ ಭಾರಕ್ಕೆ ಸಜ್ಜಾಗಿ ಹಲ್ಲು ಕಚ್ಚಿ, ಮೊಣಕಾಲು ಬಾಗಿಸಿ ನಿಂತ.

ಹಾಗೇ ನಿಂತೇ ಇದ್ದ.

"ಹೇಗಿದೆಯೋ?" ವರ್ಜಿಲ್ ಕೇಳಿದ. "ಹೆಗಲು ಎಳೀತಿದೆಯಾ?"

"ಇಲ್ಲ," ಎಂದ ಡೆಲ್ಮರ್. ಕಣ್ಣಲ್ಲಿ ನೀರು ತುಂಬಿತ್ತು. "ಹತ್ತಿ ಹಾಗೆ ಹಗುರ ಇದೆ."

"ನಾನು ಹೇಳಲಿಲ್ವಾ, ಸೊಂಟದ ಮೇಲೆ ಕೂರಬೇಕು ಅಂತ!" ವರ್ಜಿಲ್ ರೋಂಡಾಳ ಕಡೆ ತಿರುಗಿ ಎದೆಯುಬ್ಬಿಸಿದ.

ಬೀಪ್ ಅಂದಿತು.