ಕಿಟಕಿಯ ಹೊರಗಿನ ಗುಮಾನಿ

ಉಪನ್ಯಾಸಕನ ಕಾರ್ಯಕ್ಷಮತೆ ಯಾವುದರಿಂದ ಹೆಚ್ಚುತ್ತದೆ ಎಂಬ ಗಹನ ಪ್ರಶ್ನೆಗೆ ಬಲ್ಲವರು ಸಂಬಳ, ಬಡ್ತಿ, ಗ್ರಂಥಾಲಯ, ಗಾಳಿಯಾಡುವ ಕೋಣೆ ಎಂದೆಲ್ಲ ಉತ್ತರ ಹೇಳುತ್ತಾರೆ. ಇವೆಲ್ಲವನ್ನೂ ಅಷ್ಟಿಷ್ಟು ಅನುಭವಿಸಿದ ಮೇಲೂ ನನ್ನ ಪಾಠ ಇದ್ದಲ್ಲೇ ಇತ್ತು ಎಂದು ನಮ್ರತೆಯಿಂದ ನಿವೇದಿಸುತ್ತೇನೆ. ಅದನ್ನು ಮೇಲೆತ್ತಿದ್ದು ಮದುವೆಗೆ ಬಂದ ಮಗಳು.

ನಾನು ಕಲಬುರಗಿಯ ಜೇವರ್ಗಿ ಕಾಲೋನಿಯಿಂದ ದಿನವೂ ಬಸ್ಸು ಹಿಡಿದು ಕಮಲಾಪುರದ ಕಾಲೇಜಿಗೆ ಹೋಗಿ ಇತಿಹಾಸ ಹೇಳುವವನು. ಕಳೆದ ತಿಂಗಳು ಅದೇ ಕಮಲಾಪುರದ ಮನೆತನವೊಂದು ಮಗಳನ್ನು ನೋಡಿಕೊಂಡು ಹೋಯಿತು. ಹುಡುಗ, ಹುಡುಗಿ ಇಬ್ಬರೂ ಒಪ್ಪಿಯಾಗಿತ್ತು. ಸಂಬಂಧ ತಂದ ಶಹಾಬಜಾರದ ಶರಣಪ್ಪಕಾಕಾ ಮಾತ್ರ ನನ್ನ ಕಿವಿಯಲ್ಲಿ, "ಇನ್ನ ಹುಡುಗಿ ಮನಿತನ ವಿಚಾರಸ್ತಾರ. ನೀವೊಬ್ರ ಬಾಕಿ ಅದೀರಿ, ಜ್ವಾಕಿ," ಎಂದರು.

ಅಂದಿನಿಂದ ಕಮಲಾಪುರದಲ್ಲಿ ನನಗೆ ಮನುಷ್ಯರೇ ಕಾಣದಾದರು. ಬರೀ ಗಂಡಿನ ಕಡೆಯವರೇ ಕಂಡರು. ಬಸ್ಸಿನಲ್ಲಿ ಟೈಮೆಷ್ಟೆಂದು ಕೇಳಿದವನು, ನಾನು ಕೆಂಪು ಬಾಳೆಹಣ್ಣಿಗೆ ಚೌಕಾಸಿ ಮಾಡುವುದನ್ನು ನೋಡುತ್ತ ನಿಂತವನು, ಎಲ್ಲರೂ ಹುಡುಗನ ಸೋದರಮಾವಂದಿರೇ. ಹೀಗಿರುವಾಗ ಒಂದು ಮಧ್ಯಾಹ್ನ ನನ್ನ ತರಗತಿಯ ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ರುಮಾಲಿನ ಹಿರಿಯರೊಬ್ಬರು ಬಂದು ಕುಳಿತರು.

"ಯಾರ ಕಡೆಯವರ್ರೀ?" ಎಂದೆ.

"ಯಾರ ಕಡೆದವ್ರೂ ಅಲ್ಲರೀ, ನೆಳ್ಳಿಗೆ ಕುಂತೀನಿ. ನಿಮ್ದು ನಡೀಲಿ," ಎಂದರು.

ಅಂಗಳದ ಬೇವಿನ ಮರ ಬಿಟ್ಟು ಬಿಸಿಲ ಕಟ್ಟೆಗೆ ನೆರಳು ಹುಡುಕಿ ಬಂದವರನ್ನು ನಂಬಿಬಿಡಲು ನಾನು ಓದಿದ್ದು ಇತಿಹಾಸ, ವೇದಾಂತವಲ್ಲ. ಆದರೂ ಹಿರಿಯರ ಅಪ್ಪಣೆ, ನಡೆಸಿದೆ. ಎಂದಿನಂತೆ ನೋಟ್ಸ್ ಬರೆಸದೆ, ಕೈ ಬೀಸಿ ಕೋಟೆ ಕಟ್ಟಿದೆ, ಕೋಟೆ ಕೆಡವಿದೆ. ಬಹಮನಿ ಸುಲ್ತಾನರನ್ನು ಗಂಟೆ ಹೊಡೆದ ಮೇಲೂ ಬಿಡಲಿಲ್ಲ. ಮಕ್ಕಳು ಗಾಬರಿಯಾದರು. "ಸರ್, ಅರಾಮ ಅದೀರಿಲ್ರೀ?" ಎಂದು ಮುಂದಿನ ಬೆಂಚಿನವಳೊಬ್ಬಳು ಕೇಳಿಯೂಬಿಟ್ಟಳು.

ವಾರ ಕಳೆದು ಶರಣಪ್ಪಕಾಕಾ ಮನೆಗೆ ಬಂದರು. ಚಹಾ ಮುಗಿಸಿ ಬಾಯಿ ಬಿಟ್ಟರು.

"ಹುಡುಗಿ ಬಂಗಾರ ಅಂತಾರ. ಆದ್ರ ತಂದಿದು ಬಾಯಿ ಭಾಳ ಅಂತ. ಹುಡುಗನ ದೊಡ್ಡಪ್ಪ ಕಟ್ಟಿ ಮ್ಯಾಲ ಕುಂತು ಕೇಳ್ಯಾರ. 'ಬೀಗತನ ಆದ್ರ ಹಬ್ಬಕ್ಕೊಮ್ಮೆ ಇದನ್ನ ಕೇಳಬೇಕೇನು?' ಅಂದ್ರಂತ. ಇನ್ನೊಮ್ಮೆ ನೋಡಿ ಹೇಳ್ತಾರಂತ."

ಬಾಗಿಲ ಮರೆಯಲ್ಲಿದ್ದ ಮಗಳ ಮುಖ ಬಾಡಿತು. ಹೆಂಡತಿ ನನ್ನತ್ತ ತಿರುಗಿ, "ಅಲ್ರೀ, ಇಷ್ಟು ವರ್ಷ ಮಾಡದ ಪಾಠ ಈಗ್ಯಾಕ ಮಾಡಾಕ ಹೋದ್ರಿ?" ಎಂದಳು.

ಮರುದಿನದಿಂದ ಅರ್ಧ ಗಂಟೆಗೇ ಪಾಠ ಮುಗಿಸಿ, ಹಾದುಹೋಗುವವರಿಗೆಲ್ಲ ಕಾಣುವಂತೆ, ಬಾಯಿ ಮುಚ್ಚಿ ವರಾಂಡದಲ್ಲಿ ಕೂರುತ್ತಿದ್ದೇನೆ. ಹೆತ್ತ ಮಗಳಿಗಾಗಿ ತಂದೆಯಾದವನು ಇಷ್ಟಾದರೂ ತ್ಯಾಗ ಮಾಡಬೇಡವೇ?